ಅಧ್ಯಕ್ಷರು ಮನೆ ಅಳಿಯನಾಗಿದ್ದ ಮನೆ

2019 ಮೇ 11, ಶನಿವಾರ

ನಾರ್ತ್ ಡೆಲವೇರ್ ಸ್ಟ್ರೀಟ್, ನಂಬರ್ 219, ಇಂಡಿಪೆಂಡೆನ್ಸ್, ಮಿಸೌರಿ. ಬಿಳಿ ಬಣ್ಣ ಬಳಿದ ದೊಡ್ಡ ಹಳೇ ಮರದ ಮನೆ. ಅಮೆರಿಕದ 33ನೇ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಮನೆ ಅಂತ ಎಲ್ಲರೂ ನೋಡಲು ಬರುತ್ತಾರೆ. ನಿಜ ಹೇಳಬೇಕೆಂದರೆ ಇದು ಅವರ ಅತ್ತೆ ಮನೆ. ಕಟ್ಟಿಸಿದ್ದು ಹೆಂಡತಿ ಬೆಸ್ ಅವರ ತಾತ.

ನಾವಿರುವ ಓವರ್‌ಲ್ಯಾಂಡ್ ಪಾರ್ಕ್‌ನಿಂದ ಅರ್ಧ ಗಂಟೆಯ ದಾರಿ. ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ, ಮಾಲ್ ಸುತ್ತಿ ಸುತ್ತಿ ಬೇಜಾರಾಗಿತ್ತು. ಮೊನ್ನೆ 8ಕ್ಕೆ ಟ್ರೂಮನ್ ಹುಟ್ಟುಹಬ್ಬ, ಇಡೀ ಮಿಸೌರಿ ಸರ್ಕಾರಕ್ಕೆ ರಜೆ. ಅದನ್ನು ಕೇಳಿ ಅಪ್ಪನೇ "ಯಾರಪ್ಪಾ ಈ ಮನುಷ್ಯ, ನೋಡ್ಕೊಂಡು ಬರೋಣ ನಡಿ" ಅಂದರು. ಟಿಕೆಟ್ ಕೊಡುವ ಜಾಗ ಊರಿನ ಹಳೇ ಅಗ್ನಿಶಾಮಕ ಠಾಣೆ. ಒಂದು ಸಲಕ್ಕೆ ಎಂಟು ಜನರನ್ನು ಮಾತ್ರ ಮನೆಯೊಳಗೆ ಬಿಡುತ್ತಾರೆ. ಫೋಟೋ ತೆಗೆಯುವ ಹಾಗಿಲ್ಲ. ಒಳ್ಳೇದೇ ಆಯಿತು, ಎಲ್ಲರೂ ಕಣ್ಣಿನಿಂದಲೇ ನೋಡಿದೆವು.

ಬೇಲಿಯ ಹತ್ತಿರವೇ ಗೈಡ್ ಕಥೆ ಶುರು ಮಾಡಿದರು. ಟ್ರೂಮನ್ ಅಧ್ಯಕ್ಷರಾದ ಮೇಲೆ ಜನ ಬಂದು ನೆನಪಿಗೆ ಅಂತ ಗಿಡದ ಹೂವೆಲ್ಲಾ ಕಿತ್ತುಕೊಂಡು ಹೋಗುತ್ತಿದ್ದರಂತೆ. 1949ರಲ್ಲಿ ಈ ಕಬ್ಬಿಣದ ಬೇಲಿ ಬಂತು. ಎದುರುಗಡೆ ಮನೆಯಲ್ಲಿ ಟ್ರೂಮನ್ ಅವರ ಸೋದರತ್ತೆಯ ಸಂಸಾರ. 1910ರಲ್ಲಿ ಆ ಮನೆಗೆ ಬಂದಿದ್ದಾಗ, ಈ ಮನೆಯಿಂದ ಹೋಗಿದ್ದ ಕೇಕ್ ತಟ್ಟೆ ವಾಪಸ್ ಕೊಡಬೇಕಿತ್ತು. ನಾನೇ ಕೊಟ್ಟು ಬರ್ತೀನಿ ಅಂತ ಟ್ರೂಮನ್ ಎದ್ದು ಬಂದರು. ಬಾಗಿಲು ತೆಗೆದವರು ಬೆಸ್. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ನೋಡಿದ್ದ ಹುಡುಗಿ. ಮರುವರ್ಷ ಕಾಗದ ಬರೆದು ಮದುವೆ ಪ್ರಸ್ತಾಪ ಮಾಡಿದರೆ ಬೆಸ್ ಬೇಡ ಅಂದರು. ಆಮೇಲೆ ಒಪ್ಪಿ, ಮಧ್ಯದಲ್ಲಿ ಮಹಾಯುದ್ಧ ಬಂದು ಹೋಗಿ, ಕೊನೆಗೆ 1919ರಲ್ಲಿ ಮದುವೆ.

ಮದುವೆಯಾಗಿ ಇಲ್ಲಿಗೇ ಬಂದರು. ಕ್ಯಾನ್ಸಸ್ ಸಿಟಿಯಲ್ಲಿ ಸ್ನೇಹಿತನ ಜೊತೆ ಗಂಡಸರ ಬಟ್ಟೆ ಅಂಗಡಿ ಹಾಕಿದರು. 1922ರಲ್ಲಿ ಅದು ಮುಚ್ಚಿತು. ಸಾಲ ತೀರಿಸಲು ವರ್ಷಗಟ್ಟಲೆ ಹಿಡಿಯಿತು. ಅಳಿಯನ ಅಂಗಡಿ ಮುಳುಗಿದಾಗ ಊಟದ ಮೇಜಿನಲ್ಲಿ ಎದುರಿಗೆ ಕೂತ ಅತ್ತೆಯ ಮುಖ ಹೇಗಿದ್ದಿರಬಹುದು! ಮ್ಯಾಜ್ ವ್ಯಾಲೇಸ್ ಅಂತ ಆಕೆಯ ಹೆಸರು. ಗಂಡ 1903ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದ ಹೆಂಗಸು. ಮಗಳನ್ನು ಬಿಟ್ಟಿರಲು ಆಗಲಿಲ್ಲವೇನೋ ಪಾಪ. ಅಳಿಯ ಸೆನೆಟರ್ ಆದರು, ಉಪಾಧ್ಯಕ್ಷರಾದರು, 1945ರ ಏಪ್ರಿಲ್‌ನಲ್ಲಿ ಅಧ್ಯಕ್ಷರೇ ಆದರು. ಅತ್ತೆ ವೈಟ್ ಹೌಸ್‌ಗೂ ಹೋಗಿ ಇದ್ದರು, 1952ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಆಮೇಲೆ ಬೆಸ್ ಅವರ ತಮ್ಮಂದಿರ ಪಾಲನ್ನು ಕೊಂಡುಕೊಂಡ ಮೇಲಷ್ಟೇ ಈ ಮನೆ ಟ್ರೂಮನ್ ದಂಪತಿಯ ಹೆಸರಿಗೆ ಬಂತು. ಆ ಹೊತ್ತಿಗೆ ಟ್ರೂಮನ್ ಅವರಿಗೆ 68 ದಾಟಿತ್ತು.

"ಮನೆ ಅಳಿಯ ಆದ್ರೆ ಹೀಗೆ" ಅಂತ ಅಪ್ಪ ನನ್ನ ಗಂಡನ ಕಡೆ ನೋಡಿ ನಕ್ಕರು. ಇವರು ಗೋಡೆ ನೋಡುತ್ತಾ ನಿಂತರು.

ಮೆಟ್ಟಿಲ ಕೆಳಗೆ ಟ್ರೂಮನ್ ಅವರ ಕೋಟು ಮತ್ತು ಟೋಪಿ ಇನ್ನೂ ನೇತಾಡುತ್ತಿವೆ. 1972ರಲ್ಲಿ ಅವರು ಹೋದ ಮೇಲೆ ಬೆಸ್ ಅದನ್ನು ತೆಗೆಯಲಿಲ್ಲ. ಅವರು ಹತ್ತು ವರ್ಷ ಒಬ್ಬರೇ ಇದ್ದರು, 1982ರಲ್ಲಿ ತೀರಿಕೊಂಡರು. ಮನೆಯನ್ನು ದೇಶಕ್ಕೆ ಬರೆದಿಟ್ಟಿದ್ದರು. ಹಾಗಾಗಿ ನಾವು ಈಗ ನೋಡುವುದು ಅಧ್ಯಕ್ಷರ ಕಾಲದ ಮನೆಯನ್ನಲ್ಲ, 97 ವರ್ಷದ ಅಜ್ಜಿ ಬಿಟ್ಟುಹೋದ ಮನೆಯನ್ನು.

ಅಡುಗೆಮನೆಯಲ್ಲಿ ಅಮ್ಮ ಜಾಸ್ತಿ ಹೊತ್ತು ನಿಂತರು. ಹಸಿರು ಗೋಡೆ, ಚಿಕ್ಕ ಮೇಜು. ಗಂಡ ಹೆಂಡತಿ ತಿಂಡಿ ತಿನ್ನುತ್ತಿದ್ದದ್ದು ಇಲ್ಲೇ. ನೆಲಕ್ಕೆ ಹಾಸಿದ ಲಿನೋಲಿಯಂ ಓಡಾಡಿ ಓಡಾಡಿ ಸವೆದಿದೆ. ಹೊಸದು ಹಾಕಿಸಲಿಲ್ಲವಾ ಅಂತ ಅಮ್ಮನಿಗೆ ಆಶ್ಚರ್ಯ. ಅಪ್ಪನಿಗೆ ಮಾತ್ರ ಬೇರೆಯದೇ ಚಿಂತೆ. "ಇವರಿಗೆ ಪೆನ್ಶನ್ ಎಷ್ಟು ಬರ್ತಿತ್ತು ಕೇಳು." ಕೇಳಿದೆ. 1953ರಲ್ಲಿ ಅಧಿಕಾರ ಬಿಟ್ಟಾಗ ಅಧ್ಯಕ್ಷರಿಗೆ ಅಂತ ಪೆನ್ಶನ್ನೇ ಇರಲಿಲ್ಲ. ಸೈನ್ಯದಲ್ಲಿ ಇದ್ದುದಕ್ಕೆ ತಿಂಗಳಿಗೆ 112 ಡಾಲರ್ 56 ಸೆಂಟ್ ಬರುತ್ತಿತ್ತು, ಅಷ್ಟೇ. ವರ್ಷಕ್ಕೆ 25,000 ಡಾಲರ್ ಕೊಡುವ ಕಾನೂನು ಬಂದದ್ದು 1958ರಲ್ಲಿ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದ ಅಪ್ಪ, 56 ಸೆಂಟನ್ನೂ ಬಿಡದೆ ಡೈರಿಯಲ್ಲಿ ಬರೆದುಕೊಂಡರು.

ಓದುವ ಕೋಣೆ ಪುಟ್ಟದು. ಗೋಡೆ ತುಂಬಾ ಪುಸ್ತಕ, ಕೂತು ಸವೆದ ಕುರ್ಚಿ. ಇಷ್ಟು ಸಾಧು ಕಾಣುವ ಕೋಣೆಯಲ್ಲಿ ಕೂತು ಓದುತ್ತಿದ್ದ ಮನುಷ್ಯನ ಕಾಲದಲ್ಲೇ ಹಿರೋಶಿಮಾ, ನಾಗಾಸಾಕಿ ಸುಟ್ಟುಹೋದದ್ದು. ಗೈಡ್ ಆ ಮಾತು ಎತ್ತಲಿಲ್ಲ, ನಮ್ಮ ಗುಂಪಿನಲ್ಲಿ ಯಾರೂ ಕೇಳಲಿಲ್ಲ. ಸರಳ ಮನುಷ್ಯ, ಸರಳ ಮನುಷ್ಯ ಅಂತ ಮತ್ತೆ ಮತ್ತೆ ಹೇಳಿದಾಗ ನನಗೆ ಸ್ವಲ್ಪ ಕಿರಿಕಿರಿಯೇ ಆಯಿತು. ನಮಗೂ ಅವರ ಜೊತೆ ಒಂದು ಲೆಕ್ಕ ಇದೆ. 1951ರಲ್ಲಿ ನಮ್ಮ ದೇಶದಲ್ಲಿ ಧಾನ್ಯಕ್ಕೆ ತತ್ವಾರ ಬಂದಾಗ 19 ಕೋಟಿ ಡಾಲರ್ ಸಾಲದ ಕಾನೂನಿಗೆ ಸಹಿ ಹಾಕಿದ್ದು ಇದೇ ಕೈ. ಒಂದೇ ಮನುಷ್ಯನ ಎರಡು ಮುಖ. ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡುವುದು, ನನಗೆ ಬಗೆಹರಿಯಲಿಲ್ಲ.

ಟ್ರೂಮನ್ ಬೆಸ್‌ಗೆ ಬರೆದ 1,300ಕ್ಕೂ ಹೆಚ್ಚು ಕಾಗದ ಉಳಿದಿವೆ. ವಾಷಿಂಗ್ಟನ್ ಹಿಡಿಸದೆ ಬೆಸ್ ಬೇಸಿಗೆ ಪೂರ್ತಿ ಇಲ್ಲಿಗೆ ಬಂದುಬಿಡುತ್ತಿದ್ದರು, ಅದಕ್ಕೇ ಅಷ್ಟು ಕಾಗದ. ಬೆಸ್ ಬರೆದವು ಹೆಚ್ಚು ಸಿಕ್ಕಿಲ್ಲ. ಅವರೇ ಸುಟ್ಟರು. ಒಲೆ ಮುಂದೆ ಕೂತು ಸುಡುತ್ತಿದ್ದಾಗ ಗಂಡ ಬಂದು ಇತಿಹಾಸದ ಬಗ್ಗೆ ಯೋಚನೆ ಮಾಡು ಅಂದರಂತೆ. ಅದನ್ನೇ ಮಾಡ್ತಿದೀನಿ ಅಂದರಂತೆ ಬೆಸ್. ಈ ಕಥೆ ಕೇಳಿದ ಮೇಲೆ ಅಮ್ಮ ಪೂರ್ತಿ ಬೆಸ್ ಪಾರ್ಟಿ.

ಮಹಡಿಗೆ ಪ್ರವೇಶ ಇಲ್ಲ. ಮಗಳು ಮಾರ್ಗರೆಟ್ ಇರುವತನಕ ಮೇಲಿನ ಕೋಣೆಗಳನ್ನು ಯಾರಿಗೂ ತೋರಿಸಬಾರದು ಅಂತ ಬೆಸ್ ಉಯಿಲಿನಲ್ಲಿ ಬರೆದಿದ್ದರು. ಮಾರ್ಗರೆಟ್ 2008ರಲ್ಲಿ ಹೋದರು. ಈಗಲೂ ಮೇಲೆ ಬಿಡುವುದಿಲ್ಲ. ಅಪ್ಪ ಮೆಟ್ಟಿಲ ಹತ್ತಿರ ಕತ್ತು ಉದ್ದ ಮಾಡಿ ಇಣುಕುತ್ತಿದ್ದರು.

ಮಧ್ಯಾಹ್ನ ಊರ ಚೌಕದ ಕ್ಲಿಂಟನ್ಸ್‌ನಲ್ಲಿ ಐಸ್ ಕ್ರೀಮ್ ತಿಂದೆವು. ಟ್ರೂಮನ್ ಹುಡುಗನಾಗಿದ್ದಾಗ ಇಲ್ಲಿದ್ದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಅದೇ ಅವರ ಮೊದಲ ಕೆಲಸ. ಅಪ್ಪ ಇನ್ನೂ ಗೊಣಗುತ್ತಲೇ ಇದ್ದರು, ಅಷ್ಟು ದೂರ ಬಂದು ಅರ್ಧ ಮನೆ ನೋಡಿದ ಹಾಗಾಯ್ತು ಅಂತ.

"ನಮ್ಮನೆಗೆ ಬಂದೋರನ್ನ ಮಲಗೋ ಕೋಣೆಗೆ ಕರ್ಕೊಂಡ್ ಹೋಗ್ತೀವೇನ್ರೀ?" ಅಂದರು ಅಮ್ಮ. "ಹಾಲ್‌ನಲ್ಲಿ ಕೂರ್ಸಿ ಕಾಫಿ ಕೊಟ್ಟು ಕಳಿಸಲ್ವಾ?"

"ಇಲ್ಲಿ ಕಾಫೀನೂ ಕೊಡ್ಲಿಲ್ಲವಲ್ಲೇ" ಅಂದರು ಅಪ್ಪ.