ಮಂಗಳೂರಿನ ಸೆಕೆಯಲ್ಲಿ ನಮ್ಮ ಚುಕ್ಕಿ

"ಡ್ವಾರ್ಫ್ ಹ್ಯಾಮ್‌ಸ್ಟರ್ ಐದು ವರ್ಷ ಆರಾಮಾಗಿ ಬದುಕ್ತದೆ ಮೇಡಂ" ಅಂದಿದ್ದ ಅಂಗಡಿಯವ. ಮಗಳು ನಂಬಿಬಿಟ್ಟಳು. ಹಾಗೆ ಮನೆಗೆ ಬಂದದ್ದು ಚುಕ್ಕಿ, ಇಲಿಯಂಥ ಪುಟ್ಟ ಸಾಕುಪ್ರಾಣಿ. ಅದೆಲ್ಲ ಸುಮ್ನೆ ವ್ಯಾಪಾರದ ಮಾತು ಅಂತ ಗೊತ್ತಾದದ್ದು ಮೇ ತಿಂಗಳ ಒಂದು ದಿನ.

ಬಿಜೈಯಲ್ಲಿ ನಮ್ಮದು ಮೇಲಿನ ಮಹಡಿ. ಬೆಳಿಗ್ಗೆಯೇ ಕರೆಂಟ್ ಹೋಗಿತ್ತು. ಮಂಗಳೂರಿನ ಮೇ ಸೆಕೆ ಗೊತ್ತಲ್ಲ, ಬೆವರು ಒಣಗುವುದೇ ಇಲ್ಲ. ಮಧ್ಯಾಹ್ನ ನೋಡಿದರೆ ಚುಕ್ಕಿ ಗೂಡಿನ ಮೂಲೆಯಲ್ಲಿ ಚಪ್ಪಟೆಯಾಗಿ ಬಿದ್ದಿದೆ. ಹಗಲು ಮಲಗುವ ಪ್ರಾಣಿಯೇ ಅದು, ಆದರೆ ಮಲಗುವುದು ಉಂಡೆಯಾಗಿ ಸುತ್ತಿಕೊಂಡು. ಈಗ ನಾಲ್ಕೂ ಕಾಲು ಚಾಚಿತ್ತು. ಪಕ್ಕೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಗಲ್ಲದ ರೋಮ ಜೊಲ್ಲಿನಿಂದ ಒದ್ದೆ.

ಡಾಕ್ಟರಿಗೆ ಫೋನ್ ಮಾಡಿದೆ. "ಐಸ್ ನೀರು ಮಾತ್ರ ಹಾಕ್ಬೇಡಿ, ಶಾಕ್ ಆಗ್ತದೆ. ತಂಪು ಜಾಗದಲ್ಲಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕರ್ಕೊಂಡು ಬನ್ನಿ" ಅಂದರು. ಕೆಳಗಿನ ಮನೆಯವರ ಕಾವಿ ನೆಲದ ಕೋಣೆಗೆ ಇಳಿಸಿದೆವು. ಅಮ್ಮ ಹಿತ್ತಲಿನಿಂದ ಒಡೆದ ಹೆಂಚೊಂದನ್ನು ತಂದು ನೀರಲ್ಲಿ ನೆನೆಸಿ ಗೂಡಿನೊಳಗಿಟ್ಟರು. ಸ್ವಲ್ಪ ಹೊತ್ತಿಗೆ ಚುಕ್ಕಿ ತೆವಳಿಕೊಂಡು ಬಂದು ಅದಕ್ಕೆ ಹೊಟ್ಟೆ ಅಂಟಿಸಿ ಮಲಗಿತು. ಬಿಸಿಲು ಇಳಿಯುವಾಗ ನೀರು ನೆಕ್ಕಿತು.

ಸಂಜೆ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಬಿಡಿಸಿ ಹೇಳಿದರು. ಚುಕ್ಕಿ ಕ್ಯಾಂಪ್‌ಬೆಲ್ ಜಾತಿಯದ್ದು. ಮಂಗೋಲಿಯಾ ಕಡೆಯ ಒಣ ಹುಲ್ಲುಗಾವಲು ಅದರ ಮೂಲ. ನಮ್ಮ ಹಾಗೆ ಬೆವರಿ ತಣ್ಣಗಾಗಲು ಅದಕ್ಕೆ ಬರುವುದಿಲ್ಲ. 20ರಿಂದ 24 ಡಿಗ್ರಿ ಅದಕ್ಕೆ ಹಿತ. 30 ದಾಟಿದರೆ ಜೀವಕ್ಕೇ ಅಪಾಯ. ಆಯಸ್ಸು? ಚೆನ್ನಾಗಿ ನೋಡಿಕೊಂಡರೂ ಒಂದೂವರೆಯಿಂದ ಎರಡು ವರ್ಷ. ರೊಬೊರೊವ್‌ಸ್ಕಿ ಅನ್ನುವ ಇನ್ನೂ ಪುಟ್ಟ ಜಾತಿ ಮೂರರ ತನಕ ಎಳೆಯಬಹುದು, ಅಷ್ಟೇ.

ಅಮ್ಮ ನಡುವೆ ಬಾಯಿ ಹಾಕಿದರು. "ಕದಳಿ ಹಣ್ಣು ಕೊಟ್ರೆ ಶಕ್ತಿ ಬರ್ತದಲ್ವಾ ಡಾಕ್ಟ್ರೇ?"

"ಬೇಡ ಅಮ್ಮ. ಈ ಜಾತಿಗೆ ಶುಗರ್ ಬೇಗ ಬರ್ತದೆ."

"ಇದಕ್ಕೂ ಶುಗರಾ ಮಾರಾಯ್ರೆ!" ತಮ್ಮದೇ ಮಾತ್ರೆ ಡಬ್ಬಿ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದ ಅಮ್ಮನಿಗೆ ಅಂದಿನಿಂದ ಚುಕ್ಕಿ ಮೇಲೆ ವಿಶೇಷ ಪ್ರೀತಿ. ಅದುವರೆಗೆ ಅದು ಬರೀ 'ಇಲಿ'.

ಡಾಕ್ಟರ್ ಹೇಳಿದ್ದು ಇಷ್ಟು: ಓಡಲು ದೊಡ್ಡ ಚಕ್ರ, ಬಿಲ ತೋಡುವಷ್ಟು ದಪ್ಪ ಕಾಗದದ ಹಾಸು, ಗೂಡಿಗೆ ಒಂದೇ ಪ್ರಾಣಿ. ಜೋಡಿ ಇಟ್ಟರೆ ಕಚ್ಚಾಡುವ ಅಪಾಯ ಇದೆಯಂತೆ. ಇದನ್ನೆಲ್ಲ ನಾವು ಮಾಡಬಹುದು. ಹುಟ್ಟಿನಲ್ಲೇ ಬಂದ ರೋಗಕ್ಕೆ, ವಯಸ್ಸಾದ ಮೇಲೆ ಏಳುವ ಗಡ್ಡೆಗೆ ಏನು ಮಾಡುವುದು? ಅಂಗಡಿಯಲ್ಲಿ ಹುಟ್ಟಿದ ತಿಂಗಳನ್ನೂ ಹೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಆ ಮಳೆಗಾಲ ಚುಕ್ಕಿ ಲವಲವಿಕೆಯಿಂದಲೇ ಇತ್ತು. ದೀಪಾವಳಿ ಕಳೆದ ಮೇಲೆ ಮುದಿಯಾಗಿ ತೀರಿಹೋಯಿತು. ಮಗಳು ಈಗ ರೊಬೊರೊವ್‌ಸ್ಕಿ ಬೇಕು ಅನ್ನುತ್ತಿದ್ದಾಳೆ. ತಂದರೂ ಜೂನ್ ಕಳೆದ ಮೇಲೆಯೇ, ಅದೂ ಕೆಳಗಿನ ಕೋಣೆ ಬಾಡಿಗೆಗೆ ಸಿಕ್ಕಿದರೆ ಅಂದಿದ್ದೇನೆ.