ಕೆಂಪಗೆ ಕಾದ ತಂತಿ, ಕಡಲ ತಳದ ಕಲ್ಲು

ನಮ್ಮ ಲ್ಯಾಬಿನ ಕಿಟಕಿಯಿಂದ ಗೋಲಗುಮ್ಮಟದ ತಲೆ ಕಾಣುತ್ತಿತ್ತು. "ಅದೂ ಬಸಾಲ್ಟೇ, ನಿಮ್ಮನಿ ಕಟ್ಟಿನೂ ಬಸಾಲ್ಟೇ" ಅನ್ನುತ್ತಿದ್ದರು ಭೂವಿಜ್ಞಾನದ ಸರ್. ಲಾವಾ ಆರಿ ಆದ ಆ ಕರಿಕಲ್ಲಿನ ಊರಲ್ಲೇ ಬೆಳೆದ ನಮಗೆ ಅದರಲ್ಲೇನು ನೋಡೋದು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಸರ್ ಸ್ಟ್ಯಾಂಡಿಗೆ ಕಬ್ಬಿಣದ ತಂತಿ ತೂಗುಹಾಕಿದರು. ಪಕ್ಕದ ಆಯಸ್ಕಾಂತಕ್ಕೆ ಅದು ಓರೆಯಾಗಿ ಅಂಟಿಕೊಂಡಿತು. ಕೆಳಗೆ ಬರ್ನರ್ ಹಚ್ಚಿದರು. ತಂತಿ ಕೆಂಪಗಾದದ್ದೇ ತಡ, ಆಯಸ್ಕಾಂತ ಬಿಟ್ಟು ನೆಟ್ಟಗೆ ನೇತಾಡಿತು. ಆರಿದ ಮೇಲೆ ಟಕ್ ಅಂತ ಮತ್ತೆ ಅಂಟಿತು. "ಇದು ಕ್ಯೂರಿ ಬಿಂದು, ಇದನ್ನ ದಾಟಿದ್ರ ಕಾಂತತ್ವ ಹೋಗತದ. ಕಬ್ಬಿಣಕ್ಕ 770 ಡಿಗ್ರಿ" ಎಂದರು. ಗ್ಯಾಸ್ ಮುಗಿಯುವ ತನಕ ನಾವು ಅದನ್ನೇ ಮಾಡಿಸಿದೆವು.

ವರ್ಷಗಳ ನಂತರ ನನ್ನ ಕೈಗೆ ಕಡಲ ತಳದ ಬಸಾಲ್ಟ್ ಬಂತು. ಹಡಗಿನಿಂದ ಕೊರೆದು ತೆಗೆದ ಕಲ್ಲು. ಅಲ್ಲಿ ಉಕ್ಕಿದ ಲಾವಾ ಆರುವಾಗ ಆಗಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಭೂಮಿಯ ಕಾಂತಕ್ಷೇತ್ರದ ಉತ್ತರ ದಕ್ಷಿಣ ಅದಲುಬದಲಾದಾಗಲೆಲ್ಲ ಕಡಲ ತಳದ ಕಲ್ಲಲ್ಲಿ ಎದುರು ದಿಕ್ಕಿನ ಕಾಂತತ್ವದ ಹೊಸ ಪಟ್ಟೆ. ಕೊನೆಯ ಸಲ ಪೂರ್ತಿ ಬದಲಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. 1963ರಲ್ಲಿ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ ಈ ಪಟ್ಟೆಗಳಿಗೆ ವಿವರಣೆ ಕೊಟ್ಟಾಗ ಅವರ ಮುಂದಿದ್ದದ್ದು ನಮ್ಮ ಅರಬ್ಬಿ ಸಮುದ್ರದಾಚೆ ಕಡಲ ತಳದಲ್ಲಿರುವ ಕಾರ್ಲ್ಸ್‌ಬರ್ಗ್ ದಿಣ್ಣೆಯ ಅಳತೆಗಳು!

ದಿಕ್ಕು ಹಿಡಿದಿಡುವುದು ಟೈಟಾನೊಮ್ಯಾಗ್ನಟೈಟ್ ಎಂಬ ಕಬ್ಬಿಣ-ಟೈಟೇನಿಯಂ ಖನಿಜದ ಸಣ್ಣ ಸಣ್ಣ ಕಾಳು. ಹೊಸ ಕಲ್ಲಲ್ಲಿ ಅದರ ಕ್ಯೂರಿ ಬಿಂದು 150–200 ಡಿಗ್ರಿ ಅಷ್ಟೇ. ಆದರೆ ತಣ್ಣನೆಯ ಸಮುದ್ರದ ನೀರು ಬಿರುಕುಗಳಲ್ಲಿ ಇಳಿದು, ಲಕ್ಷಾಂತರ ವರ್ಷ ಕೂತು ಅದನ್ನು ಬದಲಿಸುತ್ತದೆ. ಕಬ್ಬಿಣ ಸ್ವಲ್ಪ ಸ್ವಲ್ಪ ಹೊರಗೆ ಸೋರಿ ಕಾಳು ಟೈಟಾನೊಮ್ಯಾಗ್‌ಹೆಮೈಟ್ ಎಂಬ ಬೇರೆ ಖನಿಜ ಆಗುತ್ತದೆ. ಕಾಂತತ್ವ ಕುಗ್ಗುತ್ತದೆ, ಕ್ಯೂರಿ ಬಿಂದು ಏರುತ್ತದೆ. ಒಂಥರಾ ತುಕ್ಕೇ, ಆದರೆ ಹರಳಿನ ಚೌಕಟ್ಟು ಮುರಿಯದ ತುಕ್ಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಳಿನ ಮೈ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿರುತ್ತದೆ.

ಇದೆಲ್ಲ ಓದಿದ್ದೆ. ಆದರೂ ಉತ್ಸಾಹದಲ್ಲಿ ಮೊದಲ ತುಂಡನ್ನು ಸೀದಾ 600 ಡಿಗ್ರಿಗೆ ಕಾಯಿಸಿದೆ. ಶಾಖ ಏರಿದಂತೆ ಕಾಂತತ್ವ ಎಷ್ಟು ಉಳಿದಿದೆ ಅಂತ ತೋರಿಸುವ ಗ್ರಾಫಿನ ಗೆರೆ ಮೆಲ್ಲಗೆ ಇಳಿಯಿತು. ಆರಿಸುವಾಗ ಆ ತಂತಿಯ ಹಾಗೆ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ ಅಂತ ಕೂತೆ. ಬರಲಿಲ್ಲ. 580ರ ಹತ್ತಿರ ತಲೆ ಎತ್ತಿ, ಹಳೆಯ ಗೆರೆಯನ್ನು ಎಲ್ಲೋ ಕೆಳಗೆ ಬಿಟ್ಟು ಮೇಲೆ ಹೋಯಿತು. ಶಾಖಕ್ಕೆ ಆ ಖನಿಜ ಒಡೆದು, ಅದಕ್ಕಿಂತ ಹೆಚ್ಚು ಕಾಂತತ್ವದ ಮ್ಯಾಗ್ನಟೈಟ್ ಹುಟ್ಟಿಬಿಟ್ಟಿತ್ತು. ಕಾಯಿಸುವ ಮುಂಚೆ ಕಲ್ಲು ಹಿಡಿದಿಟ್ಟುಕೊಂಡಿದ್ದ ಸ್ವಂತ ಕಾಂತತ್ವ ಅಳೆದಿಡಬೇಕಿತ್ತು, ಅಲ್ವಾ? ನಾನು ಅಳೆದಿರಲಿಲ್ಲ. ತುಂಡು ಕೈಲೇ ಇತ್ತು, ಕೆಲಸಕ್ಕೆ ಬಾರದಾಗಿತ್ತು.

ರಾತ್ರಿ ಸರ್‌ಗೆ ಫೋನ್ ಮಾಡಿದೆ. ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು. ಬೈಯುತ್ತಾರೆ ಅಂದುಕೊಂಡರೆ, "ಗೆರಿ ಎಷ್ಟು ಮ್ಯಾಲ ಹೋತು? ಗ್ರಾಫ್ ಕಳಸು ನೋಡೂಣು" ಎಂದರು. ಕಳಿಸಿದೆ.

ಮರುದಿನ ಉತ್ತರ ಬಂತು. ಗ್ರಾಫನ್ನು ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿ, ಫೋಟೋ ಕಳಿಸಿದ್ದರು. ಎರಡೂ ಅಕ್ಷಕ್ಕೆ ನಾನು ಏಕಮಾನ ಬರೆದಿರಲಿಲ್ಲ. ಪಕ್ಕದಲ್ಲಿ ಅದೇ ಹಳೆಯ ಅಕ್ಷರ: "ಅರ್ಧ ಮಾರ್ಕ್ಸ್ ಕಟ್."