ಲೇಬಲ್ ಅಂಟಿಸಿದ ಹುಡುಗ

ಇವತ್ತು ಅಣ್ಣನ ಮಗಳ ನೋಟ್‌ಬುಕ್ಕುಗಳಿಗೆ ಬೈಂಡ್ ಹಾಕಿ ಲೇಬಲ್ ಅಂಟಿಸ್ತಾ ಕೂತಿದ್ದೆ. ಬೆರಳೆಲ್ಲ ಗೋಂದು. ಯಾಕೋ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ನೆನಪಾದ.

1824ರ ಲಂಡನ್. ಸಾಲ ತೀರಿಸಲಾಗದ ಅಪ್ಪ ಮಾರ್ಷಲ್‌ಸೀ ಜೈಲಿನಲ್ಲಿ. 12 ವರ್ಷದ ಮಗ ಬೂಟ್‌ಪಾಲಿಶ್ ಕಾರ್ಖಾನೆಯಲ್ಲಿ. ಡಬ್ಬಿ ಬಾಯಿಗೆ ಕಾಗದ ಮುಚ್ಚಬೇಕು, ದಾರ ಕಟ್ಟಬೇಕು, ಅಂಚು ಕತ್ತರಿಸಬೇಕು, ಮೇಲೊಂದು ಲೇಬಲ್. ದಿನವಿಡೀ ಅದೇ. ವಾರಕ್ಕೆ ಆರೇಳು ಷಿಲಿಂಗ್.

ಅಪ್ಪ ಜೈಲಿಂದ ಹೊರಗೆ ಬಂದಮೇಲೂ, ಮಗ ಆ ಕೆಲಸಕ್ಕೇ ವಾಪಸ್ ಹೋಗಲಿ ಅಂತ ಅಮ್ಮನಿಗಿತ್ತು. ಅದನ್ನ ಅವನು ಮರೆಯಲೇ ಇಲ್ಲ. ಆಪ್ತ ಗೆಳೆಯ ಫಾರ್ಸ್ಟರ್ ಹತ್ತಿರ ಹೇಳಿಕೊಂಡಿದ್ದ. ಲೋಕಕ್ಕೆ ಗೊತ್ತಾಗಿದ್ದು ಅವನು ಸತ್ತಮೇಲೆ, ಆ ಗೆಳೆಯ ಜೀವನಚರಿತ್ರೆ ಬರೆದಾಗ.

ಆದರೆ ಅವನ ಕಾದಂಬರಿಗಳಲ್ಲಿ ಅಷ್ಟೂ ಇದೆ! ಡೇವಿಡ್ ಕಾಪರ್‌ಫೀಲ್ಡ್ ಹತ್ತು ವರ್ಷಕ್ಕೇ ವೈನ್ ಬಾಟಲಿ ತೊಳೆದು ಲೇಬಲ್ ಅಂಟಿಸ್ತಾನೆ. ಲಿಟಲ್ ಡೊರಿಟ್ ಹುಟ್ಟೋದೇ ಮಾರ್ಷಲ್‌ಸೀಯಲ್ಲಿ.

ಒಂದನ್ನ ಮಾತ್ರ ಡಿಕನ್ಸ್ ಬದಲಾಯಿಸಿದ. ಡೇವಿಡ್‌ನ ಅಮ್ಮ ಅಷ್ಟು ಹೊತ್ತಿಗೆ ತೀರಿಕೊಂಡಿರ್ತಾಳೆ. ಅವನನ್ನ ಕೆಲಸಕ್ಕೆ ಅಟ್ಟೋದು ಮಲತಂದೆ. ಹೆತ್ತಮ್ಮನ ಕೈಲಿ ಅದನ್ನ ಮಾಡಿಸೋಕೆ, ಕಥೆಯಲ್ಲಾದರೂ, ಅವನಿಗೆ ಮನಸ್ಸು ಬರಲಿಲ್ಲ ಅನ್ಸುತ್ತೆ ನನಗೆ.